1000 ಪಿಯಾಜ್ಜಿಯಾ: ಒಂದು ಹೆಸರಿನ ಇತಿಹಾಸ

ಮಂಗಳ ಮತ್ತು ಗುರು ಗ್ರಹಗಳ ನಡುವಣ ಮುಖ್ಯ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುವ ಅಸಂಖ್ಯ ಕ್ಷುದ್ರಗ್ರಹಗಳಲ್ಲಿ ಒಂದರ ಹೆಸರು '1000 ಪಿಯಾಜ್ಜಿಯಾ'. ಸುಮಾರು ಐವತ್ತು ಕಿಲೋಮೀಟರ್ ಅಡ್ಡಳತೆಯ ಈ ಕಾಯವನ್ನು 1923ರ ಆಗಸ್ಟ್ 12ರಂದು ಹೈಡೆಲ್‌ಬರ್ಗ್‌ನ ಖಗೋಳಶಾಸ್ತ್ರಜ್ಞ ಕಾರ್ಲ್ ರೈನ್‌ಮೂಟ್ ಕಂಡುಹಿಡಿದರು. ಸಾವಿರದ ಕ್ರಮಾಂಕವು ಕಥೋಲಿಕ ಯಾಜಕರೊಬ್ಬರ ಹೆಸರಿಗೆ ಸಂದದ್ದು ಹೇಗೆ?

ಜುಸೆಪ್ಪೆ ಪಿಯಾಜ್ಜಿ (1746–1826) ಥಿಯಾಟಿನ್ ಸಭೆಯ ಯಾಜಕರು. ಸಿಸಿಲಿಯ ಪಲೆರ್ಮೊ ವೀಕ್ಷಣಾಲಯದ ಸ್ಥಾಪಕರು. ನಕ್ಷತ್ರಗಳ ಸ್ಥಾನಗಳನ್ನು ರಾತ್ರಿಯಿಂದ ರಾತ್ರಿಗೆ ಅಳೆದು ಪಟ್ಟಿಮಾಡುವುದು ಅವರ ಕಾಯಕ. 1801ರ ಜನವರಿ 1ರಂದು ವೃಷಭ ರಾಶಿಯಲ್ಲಿ ಗುರುತಿಸಿದ ಮಂದ ಚುಕ್ಕಿಯೊಂದು ಮರುರಾತ್ರಿ ಸ್ಥಳ ಬದಲಿಸಿತ್ತು. ಅವರು ಅದನ್ನು ಧೂಮಕೇತುವೆಂದು ಪ್ರಕಟಿಸಿದರು. ಆದರೆ ಅದಕ್ಕಿಂತ ಮಿಗಿಲಾದುದು ಇರಬಹುದೆಂದು ಮಿಲಾನಿನ ಮಿತ್ರ ಒರಿಯಾನಿಯವರಿಗೆ ಬರೆದರು. ಫೆಬ್ರವರಿ 11ರವರೆಗೆ ಒಟ್ಟು 24 ಬಾರಿ ಅಳೆದರು. ಬಳಿಕ ಅನಾರೋಗ್ಯ ಅವರನ್ನು ತಡೆಯಿತು. ಆ ಕಾಯವೂ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು.

ಅಳತೆಗಳೆಲ್ಲವನ್ನೂ ಪಿಯಾಜ್ಜಿ ಕೂಡಲೇ ಬಿಟ್ಟುಕೊಡಲಿಲ್ಲ. ಯುರೋಪಿನ ವಿದ್ವಾಂಸರು ಗೊಣಗಿದರು. ಅದು ಜಾಗರೂಕತೆಯೋ, ಕಂಡದ್ದನ್ನು ತನ್ನದೇ ಆಗಿ ಉಳಿಸಿಕೊಳ್ಳುವ ಮೋಹವೋ? ಎರಡೂ ಇದ್ದಿರಬಹುದು, ಅವರನ್ನು ಸಂತರನ್ನಾಗಿಸುವ ಅಗತ್ಯ ನಮಗಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಅಳತೆಗಳು ಜರ್ಮನಿಯಲ್ಲಿ ಅಚ್ಚಾದವು. ಇಪ್ಪತ್ತನಾಲ್ಕರ ಗೌಸ್ ಅವುಗಳಿಂದ ಕಕ್ಷೆಯನ್ನು ಗಣಿಸಿದರು. ವರ್ಷ ತಿರುಗುವ ಹೊತ್ತಿಗೆ ಮೊದಲು ಫಾನ್ ಜಾಖ್, ಬೆನ್ನಿಗೇ ಓಲ್ಬರ್ಸ್ ಆ ಕಾಯವನ್ನು ಮತ್ತೆ ಕಂಡರು. ಅಳತೆಯನ್ನು ಇತರರ ಕೈಗೊಪ್ಪಿಸಿದಾಗಲೇ ಕಳೆದುಹೋದದ್ದು ಸಿಕ್ಕಿತು.

ಪಿಯಾಜ್ಜಿ ಅದಕ್ಕಿಟ್ಟ ಹೆಸರು 'ಸೆರೆಸ್ ಫರ್ಡಿನಾಂಡೆಯಾ'. ಸೆರೆಸ್ ಸಿಸಿಲಿಯೊಡನೆ ನಂಟುಳ್ಳ ಧಾನ್ಯದೇವತೆ. ಫರ್ಡಿನಾಂಡ್ ವೀಕ್ಷಣಾಲಯವನ್ನು ಪೋಷಿಸಿದ ರಾಜ. ಗ್ರಹಗಳಿಗೆ ರೋಮನ್ ದೇವತೆಗಳ ಹೆಸರಿಡುವುದು ಅಂದಿನ ವಾಡಿಕೆ. ಉಪಕಾರ ಸ್ಮರಣೆಯೂ ತಪ್ಪಲ್ಲ. ಆದರೆ ಇತರ ದೇಶಗಳು ರಾಜನ ಹೆಸರನ್ನು ಒಪ್ಪಲಿಲ್ಲ. ಗುರುಗ್ರಹದ ಉಪಗ್ರಹಗಳಿಗೆ ಗೆಲಿಲಿಯೊ ಇಟ್ಟ ಮೆಡಿಚಿ ಮನೆತನದ ಹೆಸರೂ, ಯುರೇನಸ್‌ಗೆ ಹರ್ಷೆಲ್ ಇಟ್ಟ ಜಾರ್ಜ್ ದೊರೆಯ ಹೆಸರೂ ಹೀಗೆಯೇ ಅಳಿದವು.

ಶತಮಾನ ಕಳೆದ ಮೇಲೆ 999 ಜಾಖಿಯಾ, 1000 ಪಿಯಾಜ್ಜಿಯಾ, 1001 ಗೌಸಿಯಾ, 1002 ಓಲ್ಬರ್ಸಿಯಾ ಎಂದು ನಾಲ್ವರ ಹೆಸರುಗಳು ಒಂದೇ ಸಾಲಿನಲ್ಲಿ ನಿಂತವು. ಕಂಡವರು, ಗಣಿಸಿದವರು, ಮತ್ತೆ ಹುಡುಕಿ ತೆಗೆದವರು ಒಟ್ಟಾಗಿ ಸ್ಮರಿಸಲ್ಪಟ್ಟರು. ಯಾಜಕರ ಹೆಸರು ಉಳಿದದ್ದು ಜೊತೆಗಾರರ ನಡುವೆ.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನು ಪ್ರಾಣಿಗಳಿಗೆ ಹೆಸರಿಡುತ್ತಾನೆ. 147ನೆಯ ಕೀರ್ತನೆಯಲ್ಲಿ ನಕ್ಷತ್ರಗಳನ್ನು ಹೆಸರು ಹಿಡಿದು ಕರೆಯುವವನು ದೇವರು. ಇವೆರಡನ್ನೂ ಒಟ್ಟಿಗೆ ಓದಿದಾಗ ಹೆಸರಿಡುವುದು ಒಡೆತನವಲ್ಲ, ವಹಿಸಿಕೊಟ್ಟ ಸೇವೆ ಎಂಬುದು ತಿಳಿಯುತ್ತದೆ. ದೇವಾಲಯದ ಶಂಕುಸ್ಥಾಪನೆಯ ಕಲ್ಲಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಚರ್ಚಿಸುವ ನಮಗೆ ಪಿಯಾಜ್ಜಿಯವರ ಕಥೆ ಹೊರಗಿನದಲ್ಲ. ದಾನಿಯನ್ನು ನೆನೆಯೋಣ, ಆದರೆ ಕಲ್ಲು ಹೊತ್ತವರನ್ನೂ ಅದೇ ಸಾಲಿನಲ್ಲಿ ಬರೆಯೋಣ.