ಸಕ್ಕರೆಯ ನಾಡು ಮತ್ತು ಹಳೆಮಗನ ಪಾಲು



ಹುಟ್ಟಿದ ನಾಡಿನ ಮೇಲಣ ಅಭಿಮಾನವು ಮನುಷ್ಯನಿಗೆ ಸಹಜವಾದುದು, ಅದು ದೋಷವಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯವರಾದ ನಮಗೆ ಅಭಿಮಾನಪಡಲು ಕಾರಣಗಳೂ ಸಾಕಷ್ಟಿವೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಹೊರಟ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಫಲವಾಗಿ, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ ಹರಿದು ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾದುವು. ಕೃಷಿತಜ್ಞ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು. ನಮ್ಮ ಮಕ್ಕಳಿಗೆ ನಾವು ಹೇಳುವ ಚರಿತ್ರೆ ಇದು. ಇದರಲ್ಲಿ ಸುಳ್ಳೆಂಬುದಿಲ್ಲ.

ಆದರೆ ಜಮೆಯ ಪುಟವನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಡುವ ಶಾನುಭೋಗನನ್ನು ಯಾರು ತಾನೆ ನಂಬಿಯಾರು? ಆ ಕಾಲುವೆಯ ನೀರು ಹರಿದ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಾಕಿದವರು ಯಾರು, ಅವರಿಗೆ ಸಂದದ್ದೇನು ಎಂಬ ಪುಟವನ್ನು ನಾವು ತೆರೆಯುವುದು ಅಪರೂಪ. ಅದನ್ನು ತೆರೆಯಲು ನಮ್ಮ ಸೀಮೆಯ ಒಂದು ಮಾತೇ ಸಾಕು. ಅದು ‘ಹಳೆಮಗ’ ಎಂಬ ಮಾತು.

ಇಂದು ಈ ಶಬ್ದವನ್ನು ಬೈಗುಳವಾಗಿಯೋ ಸಲುಗೆಯ ಮಾತಾಗಿಯೋ ಬಳಸುವವರೇ ಹೆಚ್ಚು. ಆದರೆ ಹಿಂದೆ ಇದೊಂದು ಸಂಬಂಧದ ಹೆಸರಾಗಿತ್ತು. ಊರಿನ ಭೂಮಿಯುಳ್ಳ ಮನೆಗೆ ಹೊಲಗೇರಿಯ ಒಂದು ಮನೆತನ ತಲೆತಲಾಂತರದಿಂದ ಅಂಟಿಕೊಂಡಿರುತ್ತಿತ್ತು. ಆ ಮನೆತನದವನೇ ಹಳೆಮಗ. ಯಜಮಾನನ ಮನೆಯ ಮದುವೆಗೆ ಸೌದೆ ಒಡೆಯುವವನು ಅವನು. ಸಾವಿನ ಸುದ್ದಿಯನ್ನು ನೆಂಟರ ಊರಿಗೆ ಹೊತ್ತೊಯ್ಯುವವನು ಅವನು. ಸತ್ತ ದನವನ್ನು ಸಾಗಿಸುವವನೂ ಅವನೇ. ಸುಗ್ಗಿಯಲ್ಲಿ ಕಣದ ಕಾಳು, ಹಬ್ಬದಲ್ಲಿ ಹಟ್ಟಿಯ ಹೊರಗೆ ಊಟ, ಇದು ಅವನ ಪಾಲು. ಪ್ರಸಿದ್ಧ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಕಡೆಯ ಹಳ್ಳಿಯೊಂದರಲ್ಲಿ ನೆಲಸಿ ಅಧ್ಯಯನ ಮಾಡಿದಾಗ ಈ ಸಂಬಂಧವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ.

ಇದರ ಜೊತೆಗೇ ಇದ್ದದ್ದು ಜೀತ. ಮದುವೆಗೋ ಕಾಯಿಲೆಗೋ ಬರಗಾಲದ ಹೊಟ್ಟೆಗೋ ಒಡೆಯನಿಂದ ಮುಂಗಡ ಹಣ ಪಡೆದವನು ತಾನು ದುಡಿದು ತೀರಿಸಬೇಕಾಗಿತ್ತು. ಸಾಮಾನ್ಯವಾಗಿ ಯುಗಾದಿಯಿಂದ ಯುಗಾದಿಗೆ ಒಪ್ಪಂದ. ವರ್ಷ ತುಂಬಿದಾಗ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಅಷ್ಟರಲ್ಲಿ ಮತ್ತೊಂದು ಕಷ್ಟ, ಮತ್ತೊಂದು ಸಾಲ. ತಂದೆಯ ಮೈಯಲ್ಲಿ ಶಕ್ತಿಯುಡುಗಿದಾಗ ಮಗನು ದನ ಕಾಯಲು ಬಂದು ನಿಲ್ಲುವನು. ಲೆಕ್ಕದ ಪುಸ್ತಕದಲ್ಲಿ ಕೊಟ್ಟ ಹಣ ಮಾತ್ರ ಕಾಣುತ್ತಿತ್ತು. ದುಡಿದ ದಿನಗಳು ಕಾಣುತ್ತಿರಲಿಲ್ಲ.

ವಾಚಕರಲ್ಲಿ ಕೆಲವರು ಕೇಳಬಹುದು: ‘ಇದನ್ನು ಗುಲಾಮಗಿರಿಯೆನ್ನಬಹುದೆ? ಆಫ್ರಿಕದ ಜನರನ್ನು ಹಡಗಿಗೆ ತುಂಬಿ ಸಂತೆಯಲ್ಲಿ ಮಾರಿದ ಘೋರವೆಲ್ಲಿ, ನಮ್ಮ ಹಳ್ಳಿಯ ಜೀತವೆಲ್ಲಿ?’ ಪ್ರಶ್ನೆ ನ್ಯಾಯವಾದುದು, ಭೇದವನ್ನು ಮರೆಸಬಾರದು. ಮನುಷ್ಯರ ಕ್ರಯವಿಕ್ರಯವು ನಮ್ಮ ನೆರೆಹೊರೆಯಲ್ಲಿಯೂ ಇತ್ತು. 1800ರಲ್ಲಿ ಮದರಾಸಿನಿಂದ ಹೊರಟು ನಮ್ಮ ಸೀಮೆಯನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಹೊಲದಾಳುಗಳನ್ನು ಮಾರುತ್ತಿದ್ದುದನ್ನೂ ಅಡವಿಡುತ್ತಿದ್ದುದನ್ನೂ ಬಾಡಿಗೆಗೆ ಕೊಡುತ್ತಿದ್ದುದನ್ನೂ ವಿವರವಾಗಿ ಬರೆದಿದ್ದಾನೆ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ದಾಸರ ಸಂತತಿಯವರಾದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಲ್ಲಿ ಕನ್ನಡಿಗರಾಗಿಯೇ ಬಾಳುತ್ತಿದ್ದಾರೆ. ನಮ್ಮ ಮಲೆನಾಡಿನಲ್ಲಿ ‘ಹುಟ್ಟಾಳು’, ‘ಮಣ್ಣಾಳು’ ಎಂಬ ಎರಡು ಬಗೆಯ ಆಳುಗಳಿದ್ದರೆಂದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತಿಳಿಸುತ್ತದೆ. ಹುಟ್ಟಿನಿಂದಲೇ ಆಳಾದವನು ಹುಟ್ಟಾಳು. ಮಣ್ಣಿನೊಡನೆ ಸೇರಿದವನು ಮಣ್ಣಾಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯನ್ನು ಬಲ್ಲವರಿಗೆ ಒಡೆಯನ ಅನುಮತಿಯಿಲ್ಲದೆ ಜೀತದಾಳಿನ ಮದುವೆಯೂ ನಡೆಯದೆಂಬುದು ಗೊತ್ತಿದೆ.

ಬಯಲುಸೀಮೆಯಾದ ನಮ್ಮಲ್ಲಿ ಹಳೆಮಗನನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ, ನಿಜ. ಆದರೆ ದಾಸ್ಯಕ್ಕೆ ಮಾರಾಟವೊಂದೇ ಲಕ್ಷಣವಲ್ಲ. ತನ್ನ ದುಡಿಮೆಯನ್ನು ಬೇರೊಬ್ಬನಿಗೆ ಕೊಡುವ ಸ್ವಾತಂತ್ರ್ಯವಿಲ್ಲದಿರುವುದು, ಆ ಸ್ಥಿತಿ ಹುಟ್ಟಿನಿಂದ ಬರುವುದು, ಮಕ್ಕಳಿಗೂ ಅದೇ ಉಳಿಯುವುದು, ಇವು ಎರಡಕ್ಕೂ ಸಮಾನವಾದ ಲಕ್ಷಣಗಳು. ಪಶ್ಚಿಮದವರು ಮೈಬಣ್ಣವನ್ನು ನೋಡಿ ಮನುಷ್ಯನನ್ನು ದೂರವಿಟ್ಟರೆ ನಾವು ಹುಟ್ಟಿದ ಕೇರಿಯನ್ನು ನೋಡಿ ದೂರವಿಟ್ಟೆವು. ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಎರಡು ಊರುಗಳ ಎಲ್ಲೆಯ ವಿವಾದ ಬಂದಾಗ ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯನ್ನು ನಡೆದು ತೋರಿಸುತ್ತಿದ್ದವನು ಹೊಲಗೇರಿಯ ಕುಳವಾಡಿ. ಅವನು ತಪ್ಪಿ ನಡೆದರೆ ಉಂಡೆ ಒಡೆಯುವುದೆಂದು ಜನರ ನಂಬಿಕೆ. ಊರಿನ ಎಲ್ಲೆಗೆ ಅವನ ಮಾತೇ ಪ್ರಮಾಣ; ಆದರೆ ಆ ಎಲ್ಲೆಯೊಳಗಿನ ಊರಬಾವಿಯಲ್ಲಿ ನೀರು ಸೇದಲು ಅವನಿಗೆ ಅಧಿಕಾರವಿರಲಿಲ್ಲ!

ಕಾಲುವೆ ಬಂದ ಮೇಲೆ, ಸಕ್ಕರೆಯ ಕಾರ್ಖಾನೆ ಬಂದ ಮೇಲೆ, ಇದೆಲ್ಲ ತಾನಾಗಿಯೇ ಕರಗಿಹೋಯಿತೆಂದು ನಂಬುವವರು ಬಹಳ ಮಂದಿ. ಈ ನಂಬಿಕೆಯನ್ನು ಪರೀಕ್ಷಿಸಿದವರು ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ. ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಜನಾಂಗದ್ವೇಷಕ್ಕೆ ಸಿಕ್ಕಿ ದೇಶ ಬಿಟ್ಟವರು ಅವರು. 1950ರ ದಶಕದ ಮಧ್ಯದಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಅವುಗಳ ನಿಜನಾಮವನ್ನು ಮರೆಸಿ, ವಾಂಗಲ, ದಲೇನ ಎಂಬ ಹೆಸರಿಟ್ಟು 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ವಾಂಗಲಕ್ಕೆ ಕಾಲುವೆಯ ನೀರು ದೊರೆಯಿತು, ದಲೇನಕ್ಕೆ ದೊರೆಯಲಿಲ್ಲ. ನೀರು ಕಂಡ ವಾಂಗಲದಲ್ಲಿಯೇ ಹಳೆಯ ಕಟ್ಟು ಸಡಿಲಬೇಕಾಗಿತ್ತಲ್ಲವೆ? ಆದದ್ದು ಅದಕ್ಕೆ ವಿರುದ್ಧ. ಭತ್ತಕ್ಕೂ ಕಬ್ಬಿಗೂ ಹೊತ್ತಿಗೆ ಸರಿಯಾಗಿ ಕೈಗಳು ಬೇಕು. ಒಡೆಯನು ತಪ್ಪದೆ ಬರುವ ಆಳನ್ನು ಬಯಸಿದನು, ಆಳು ತಪ್ಪದೆ ದೊರೆಯುವ ಕಾಳನ್ನು ಬಯಸಿದನು. ಹೀಗೆ ತಲೆತಲಾಂತರದ ಸಂಬಂಧ ನೀರಾವರಿಯ ಊರಿನಲ್ಲಿ ಉಳಿದುಕೊಂಡಿತು. ನೀರಿಲ್ಲದ ದಲೇನದ ಜನ ಹೊಟ್ಟೆಪಾಡಿಗಾಗಿ ಊರ ಹೊರಗಿನ ಕೆಲಸಗಳನ್ನು ಹುಡುಕಿಕೊಂಡು ಹೋದುದರಿಂದ ಅಲ್ಲಿ ಕಟ್ಟು ಕಳಚಿತು.

ಆ ಗ್ರಂಥದಲ್ಲಿ ಮತ್ತೊಂದು ಪ್ರಸಂಗವಿದೆ. ವಾಂಗಲದ ಆದಿಕರ್ನಾಟಕರು ನಾಟಕವೊಂದನ್ನು ಆಡಿದರು. ರಾಜನ ಪಾತ್ರದವನು ಸಿಂಹಾಸನದ ಮೇಲೆ ಕುಳಿತನು. ನಾಟಕವೆಂದರೆ ನಾಟಕ, ಬೆಳಗಾದರೆ ಆ ರಾಜನು ಮತ್ತೆ ಗದ್ದೆಯ ಆಳೇ. ಆದರೂ ಊರಿನ ಒಕ್ಕಲುಮಕ್ಕಳಿಗೆ ಅದು ಸಹನೆಯಾಗಲಿಲ್ಲ. ಅವರಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಗಾಂಧೀಜಿಯವರು 1934ರ ಜನವರಿಯಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಮಂಡ್ಯ, ಮದ್ದೂರುಗಳ ಮಾರ್ಗವಾಗಿ ಹೋಗಿ ಇಪ್ಪತ್ತು ವರ್ಷಗಳಾಗಿದ್ದುವು. ಸಂವಿಧಾನವು ಅಸ್ಪೃಶ್ಯತೆಯನ್ನು 17ನೆಯ ಅನುಚ್ಛೇದದಲ್ಲಿಯೂ ಬಲಾತ್ಕಾರದ ದುಡಿಮೆಯನ್ನು 23ನೆಯ ಅನುಚ್ಛೇದದಲ್ಲಿಯೂ ನಿಷೇಧಿಸಿಯಾಗಿತ್ತು. ಬಣ್ಣ ಹಚ್ಚಿದ ಹಲಗೆಯ ಸಿಂಹಾಸನವೊಂದು ನಮ್ಮ ಮನಸ್ಸಿನ ಒಳಗನ್ನು ತೋರಿಸಿಬಿಟ್ಟಿತು.

ಅನಂತರದ ಕಾಲದಲ್ಲಿ ಶಾಸನಗಳು ಬಂದುವು. 1961ರ ಕಾಯಿದೆಯು ತೋಟಿ, ತಳವಾರಿಕೆ, ನೀರಗಂಟಿಯೇ ಮೊದಲಾದ ವಂಶಪರಂಪರೆಯ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು. 1976ರ ಜೀತಪದ್ಧತಿ ರದ್ಧತಿ ಕಾಯಿದೆಯು ಜೀತದ ಸಾಲಗಳೆಲ್ಲವನ್ನೂ ಒಮ್ಮೆಗೇ ಇಲ್ಲವಾಗಿಸಿತು. ದಲಿತರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ 1978ರಲ್ಲಿ ಮತ್ತೊಂದು ಕಾಯಿದೆಯಾಯಿತು. ಆದರೂ 2000ದಲ್ಲಿ ನಮ್ಮ ಜಿಲ್ಲೆಯದೇ ಆದ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸರಪಳಿ ಬಿಗಿಸಿಕೊಂಡ ಜೀತದಾಳುಗಳು ಪತ್ತೆಯಾದರು. ಶಾಸನವು ಸಾಲದ ಪತ್ರವನ್ನು ಹರಿಯಬಲ್ಲುದು. ಹರಿದ ಪತ್ರವನ್ನು ಮತ್ತೆ ಬರೆಯುವ ಮನಸ್ಸನ್ನು ತಿದ್ದುವ ಕೆಲಸ ಸಮಾಜಕ್ಕೂ ಧರ್ಮಕ್ಕೂ ಸೇರಿದುದು.

ಧರ್ಮದ ಮಾತು ಬಂದುದರಿಂದ ನಮ್ಮ ಪರಂಪರೆಯನ್ನೂ ಈ ಒರೆಗಲ್ಲಿಗೆ ಹಚ್ಚಬೇಕು. ಅಣ್ಣ ಬಸವಣ್ಣನವರು ತಮ್ಮ ಹುಟ್ಟನ್ನೇ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಯ ದಾಸದಾಸಿಯರ ಸಂತತಿಯೊಡನೆ ಕೂಡಿಸಿ ಹೇಳಿಕೊಂಡರು. ಮಂತ್ರಿಪದವಿಯಲ್ಲಿದ್ದವರು ದಾಸರ ವಂಶವನ್ನು ತಮ್ಮದೆಂದ ನಿದರ್ಶನ ಲೋಕದ ಚರಿತ್ರೆಯಲ್ಲಿ ವಿರಳ. ಅದನ್ನು ಪೀಠದ ಮೇಲಿಂದ ಕೊಂಡಾಡುವ ನಾವು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನೂ ಕೇಳಬೇಕು. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿಯು ಹೊಲೆಯನ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿದ್ದವರು ಅವನನ್ನು ತಿಪ್ಪೆಗೆ ತಳ್ಳುತ್ತಾರೆ. ಸಮಾನತೆಯ ಪಟ್ಟಣವೆಂದು ಹೆಸರಾದ ಕಲ್ಯಾಣದ ಬಾಗಿಲಲ್ಲಿಯೇ ನಡೆದ ಪರೀಕ್ಷೆ ಅದು. ಈ ಕಥೆ ಶರಣರ ನಿಂದೆಯೆಂದು ಮುಖ ತಿರುಗಿಸುವವರು ನಮ್ಮಲ್ಲಿದ್ದಾರೆ. ಅದು ನಿಂದೆಯಲ್ಲ, ಹಟ್ಟಿಯ ಕಡೆಯಿಂದ ಬರೆದ ಲೆಕ್ಕ. ಬಾಗಿಲು ಕಾಯುವವರು ಯಾರ ಮುಖ ನೋಡಿ ಒಳಗೆ ಬಿಡುತ್ತಿದ್ದಾರೆಂಬುದನ್ನು ಪ್ರತಿಯೊಂದು ಮಠವೂ ಕೇಳಿಕೊಳ್ಳಲೇಬೇಕಾದ ಪ್ರಶ್ನೆ.

‘ನಮ್ಮ ಹಿರಿಯರು ಅವರನ್ನು ಮನೆಯ ಮಕ್ಕಳಂತೆಯೇ ನೋಡಿಕೊಂಡರು’ ಎಂದು ಹೇಳುವವರುಂಟು. ಹಲವು ಮನೆಗಳಲ್ಲಿ ಪ್ರೀತಿಯಿತ್ತು, ಬರಗಾಲದಲ್ಲಿ ಅನ್ನ ಹಾಕಿದ ಔದಾರ್ಯವಿತ್ತು. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮಗನೆಂದರೇನು? ಮಗನಾದವನು ನಡುಮನೆಗೆ ಬರುತ್ತಾನೆ, ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ, ತಂದೆ ತೀರಿದ ಮೇಲೆ ಜಮೀನಿನಲ್ಲಿ ಪಾಲು ಪಡೆಯುತ್ತಾನೆ. ಹಳೆಮಗನು ನಡುಮನೆಗೆ ಬಂದನೆ? ಪಂಕ್ತಿಯಲ್ಲಿ ಕುಳಿತನೆ? ಪಾಲು ಪಡೆದನೆ? ಮಗನೆಂಬ ಹೆಸರನ್ನು ಕೊಟ್ಟು ಮಗನ ಪಾಲನ್ನು ಕೊಡದೆ ಹೋದುದೇ ನಮ್ಮ ಸೀಮೆಯ ತೀರದ ಸಾಲ. ಭೂಮಿಯುಳ್ಳ ಜಾತಿಗಳಲ್ಲಿ ಯಾವುದೂ ಈ ಮಾತಿಗೆ ಹೊರತಲ್ಲ. ನಮ್ಮ ಭಕ್ತರ ಮನೆಗಳೂ ಹೊರತಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎಡ್ವರ್ಡ್ ಕೋಲ್‌ಸ್ಟನ್ ಎಂಬ ವರ್ತಕನ ಪ್ರತಿಮೆಯನ್ನು 1895ರಲ್ಲಿ ನಿಲ್ಲಿಸಿದ್ದರು. ಅವನು ಊರಿಗೆ ಮಾಡಿದ ದಾನಗಳು ಅನೇಕ. ಗುಲಾಮರ ವ್ಯಾಪಾರ ನಡೆಸಿದ ಕಂಪನಿಯಲ್ಲಿ ಅವನು ಅಧಿಕಾರಿಯೂ ಆಗಿದ್ದನು. ಆ ನಗರದ ಸಂಪತ್ತಿಗೆ ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯೂ ಒಂದು ಮೂಲ. 2020ರ ಜೂನ್‌ನಲ್ಲಿ ಜನರು ಆ ಪ್ರತಿಮೆಯನ್ನು ಕೆಡವಿ ಬಂದರಿನ ನೀರಿಗೆ ತಳ್ಳಿದರು. ನಮ್ಮಲ್ಲಿ ಹಾಗೆ ಕೆಡವಬೇಕಾದ ಪ್ರತಿಮೆಯಿಲ್ಲ. ನಮಗೆ ಬೇಕಾಗಿರುವುದು ಬರೆಯದೆ ಉಳಿದ ಹೆಸರುಗಳನ್ನು ಬರೆಯುವ ಕೆಲಸ.

ಪೂರ್ವವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಡತಗಳಿದ್ದರೆ ಕೆಳಗಿಳಿಸಿ ನೋಡಿರಿ. ಜೀತದ ಪತ್ರ ಕಂಡರೆ ನಾಚಿ ಸುಡಬೇಡಿರಿ. ಅದರಲ್ಲಿ ಹೆಬ್ಬೆಟ್ಟು ಒತ್ತಿದವನ ಹೆಸರನ್ನು ಬರೆದಿಟ್ಟುಕೊಳ್ಳಿರಿ. ನಿಮ್ಮ ಗದ್ದೆಯನ್ನು ಹದ ಮಾಡಿದವರು ಯಾರೆಂದು ಮನೆಯ ವೃದ್ಧರನ್ನು ಕೇಳಿರಿ; ಅನಂತರ ಹಟ್ಟಿಗೆ ಹೋಗಿ ಅಲ್ಲಿನ ವೃದ್ಧರನ್ನೂ ಕೇಳಿರಿ. ಎರಡು ಲೆಕ್ಕಗಳೂ ಒಂದೇ ಆಗಿರಲಾರವು. ಮಠಗಳು ಸಹ ತಮ್ಮ ಮಾನ್ಯದ ಜಮೀನುಗಳಲ್ಲಿ ದುಡಿದವರು ಯಾರೆಂಬುದನ್ನು ತಮ್ಮ ಚರಿತ್ರೆಯಲ್ಲಿ ಸೇರಿಸಬೇಕು. ಆ ಮನೆತನದ ಮಕ್ಕಳು ಓದಲು ಬಂದಾಗ ಅದನ್ನು ದಾನವೆಂದು ಎಣಿಸದೆ, ತಡವಾಗಿ ಸಂದ ಪಾಲೆಂದು ತಿಳಿದು ಕೊಡಬೇಕು.

ಇದರಿಂದ ನಮ್ಮ ನಾಡಿನ ಗೌರವ ಕುಂದುವುದೆಂಬ ಭಯ ಬೇಡ. ಕನ್ನಂಬಾಡಿಯ ನೀರು, ಶಿವಪುರದ ಧ್ವಜ, ಮಂಡ್ಯದ ಸಕ್ಕರೆ ಇವೆಲ್ಲವೂ ಹಟ್ಟಿಯವರದೂ ಹೌದೆಂದು ಅವರೇ ನಿಸ್ಸಂಕೋಚವಾಗಿ ಹೇಳುವ ದಿನ ನಮ್ಮ ಅಭಿಮಾನ ಪೂರ್ಣವಾಗುವುದು. ಅಲ್ಲಿಯವರೆಗೆ ಖರ್ಚಿನ ಪುಟವನ್ನು ಮುಚ್ಚದೆ ಓದುವ ಧೈರ್ಯವನ್ನು ಶಿವನು ನಮಗೆಲ್ಲರಿಗೂ ಅನುಗ್ರಹಿಸಲಿ.