ತುರ್ಕಿ ಏರ್ ರೈಫಲ್‌ಗೆ ಲೈಸೆನ್ಸ್ ಬೇಡವೇ? ಸ್ಪ್ರಿಂಗ್ ಬದಲಿಸಿದರೆ ಏನಾಗುತ್ತದೆ? ಸತ್ಯಾಂಶ ಇಲ್ಲಿದೆ

‘ತುರ್ಕಿ ಮೇಡ್ ಏರ್ ರೈಫಲ್, 1000 ಎಫ್‌ಪಿಎಸ್ ಸ್ಪೀಡ್, ಲೈಸೆನ್ಸ್ ಬೇಕಿಲ್ಲ. ಒಳಗಿನ ಸ್ಪ್ರಿಂಗ್ ಬದಲಿಸಿದರೆ ಹಂದಿಯೂ ಬೀಳುತ್ತದೆ. ಏರ್ ಗನ್ ಆದ್ದರಿಂದ ಪೊಲೀಸರು ಕೇಳುವ ಹಾಗಿಲ್ಲ.’ ಇಂಥ ಅರ್ಥದ ಸಂದೇಶವೋ ವಿಡಿಯೋವೋ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ತೊಗರಿ ಹೊಲ ಇರುವವರಿಗೆ ಹಂದಿ, ಜಿಂಕೆ ಕಾಟ ಹೊಸದಲ್ಲ. ಹಾಗಾಗಿ ಇಂಥ ಮಾತು ಬೇಗ ಹಿಡಿಸುತ್ತದೆ.

ಈ ಸಂದೇಶದಲ್ಲಿ ಸ್ವಲ್ಪ ನಿಜವಿದೆ. ತಪ್ಪು ಅದಕ್ಕಿಂತ ಹೆಚ್ಚಿದೆ. ಆ ತಪ್ಪನ್ನು ನಂಬಿದವರು ಜೈಲಿಗೂ ಹೋಗಬಹುದು, ಮನೆಯ ಮಗುವಿನ ಕಣ್ಣನ್ನೂ ಕಳೆಯಬಹುದು. ಒಂದೊಂದಾಗಿ ನೋಡೋಣ.

ಲೈಸೆನ್ಸ್ ಬೇಡ ಎಂಬುದು ನಿಜವೇ?

ಅರ್ಧ ನಿಜ. 2016ರ ಆಯುಧ ನಿಯಮಗಳು ಎರಡು ಗಡಿ ಹಾಕಿವೆ. ಒಂದು, ಪೆಲೆಟ್ ನಳಿಕೆಯಿಂದ ಹೊರಬೀಳುವಾಗ ಅದರ ಶಕ್ತಿ 20 ಜೂಲ್ (15 ಅಡಿ-ಪೌಂಡ್) ಮೀರಬಾರದು. ಎರಡು, ನಳಿಕೆಯ ಒಳವ್ಯಾಸ 4.5 ಮಿ.ಮೀ., ಅಂದರೆ ಅಂಗಡಿಯವರು ಹೇಳುವ ‘ಪಾಯಿಂಟ್ 177’ ಮೀರಬಾರದು. ಎರಡೂ ಗಡಿಯೊಳಗಿದ್ದರೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಆದ್ದರಿಂದ 5.5 ಮಿ.ಮೀ.ನ ‘ಪಾಯಿಂಟ್ 22’ ರೈಫಲ್ ಎಷ್ಟೇ ಕಡಿಮೆ ಶಕ್ತಿಯದಾದರೂ ಈ ವಿನಾಯಿತಿಗೆ ಬರುವುದಿಲ್ಲ.

‘ಮದ್ದುಗುಂಡು ಇಲ್ಲವಲ್ಲ, ಬರೀ ಗಾಳಿ ತಾನೇ’ ಎಂಬ ವಾದ ನಡೆಯುವುದಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಬಂದೂಕು ಎಂದರೆ ಸ್ಫೋಟಕದಿಂದ ಅಥವಾ ‘ಬೇರೆ ಯಾವುದೇ ಬಗೆಯ ಶಕ್ತಿಯಿಂದ’ ಗುಂಡು ಹಾರಿಸುವ ಆಯುಧ. ಒತ್ತಿದ ಗಾಳಿಯೂ ಇದರಲ್ಲಿ ಬರುತ್ತದೆ. 2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಸೆಕ್ಷನ್ 25ರಡಿ 2ರಿಂದ 5 ವರ್ಷ ಜೈಲು ಮತ್ತು ದಂಡ.

1000 ಎಫ್‌ಪಿಎಸ್ ಇದ್ದೂ ಲೈಸೆನ್ಸ್ ತಪ್ಪುತ್ತದೆಯೇ?

ಇದನ್ನು ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ಪರೀಕ್ಷಿಸಬಹುದು. ಶಕ್ತಿ ಎಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ತೂಕ ಕಿಲೋದಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ ಇರಬೇಕು. 4.5 ಮಿ.ಮೀ.ನ ಸಾಮಾನ್ಯ ಸೀಸದ ಪೆಲೆಟ್, ಅಂದರೆ ಛರ್ರಾ, ಸುಮಾರು ಅರ್ಧ ಗ್ರಾಂ ತೂಗುತ್ತದೆ. ಆ ತೂಕಕ್ಕೆ ಲೆಕ್ಕ ಹೀಗೆ:

800 ಎಫ್‌ಪಿಎಸ್ (ಸೆಕೆಂಡಿಗೆ 244 ಮೀಟರ್): ಸುಮಾರು 15 ಜೂಲ್
928 ಎಫ್‌ಪಿಎಸ್ (283 ಮೀಟರ್): 20 ಜೂಲ್, ಇದೇ ಗಡಿ
1000 ಎಫ್‌ಪಿಎಸ್ (305 ಮೀಟರ್): ಸುಮಾರು 23 ಜೂಲ್
1250 ಎಫ್‌ಪಿಎಸ್ (381 ಮೀಟರ್): ಸುಮಾರು 36 ಜೂಲ್

ಅಂದರೆ ಅರ್ಧ ಗ್ರಾಂ ಪೆಲೆಟ್ ನಿಜವಾಗಿ 1000 ಎಫ್‌ಪಿಎಸ್‌ನಲ್ಲಿ ಹೋದರೆ ಆ ರೈಫಲ್ ಗಡಿ ದಾಟಿದೆ. ಹಾಗಿದ್ದರೂ ಡಬ್ಬಿಯ ಮೇಲೆ 1000 ಎಂದು ಹೇಗೆ ಬರೆಯುತ್ತಾರೆ? ಸೀಸದ ಬದಲು ಹಗುರ ಲೋಹದ ಪೆಲೆಟ್ ಹಾಕಿ ಅಳೆಯುತ್ತಾರೆ. 0.3 ಗ್ರಾಂ ಪೆಲೆಟ್ ಅದೇ ವೇಗದಲ್ಲಿ ಹೋದರೆ ಶಕ್ತಿ ಸುಮಾರು 14 ಜೂಲ್ ಮಾತ್ರ. ಆದ್ದರಿಂದ ಅಂಗಡಿಯಲ್ಲಿ ‘ಎಷ್ಟು ಎಫ್‌ಪಿಎಸ್’ ಎಂದಷ್ಟೇ ಕೇಳಬೇಡಿ. ‘ಎಷ್ಟು ಜೂಲ್, ಯಾವ ತೂಕದ ಪೆಲೆಟ್‌ಗೆ’ ಎಂದು ಕೇಳಿ. ಮಾದರಿಯ ಹೆಸರು, ವ್ಯಾಸ, ಜೂಲ್ ಮೂರೂ ಇರುವ ಬಿಲ್ ತೆಗೆದುಕೊಂಡು ಜೋಪಾನ ಮಾಡಿ.

ಯೂಟ್ಯೂಬ್‌ನಲ್ಲಿ ಕಂಡ ತುರ್ಕಿ ರೈಫಲ್ ಇಲ್ಲಿ ಸಿಗುವುದೇ?

ತುರ್ಕಿಯಲ್ಲಿ ಬಂದೂಕು ತಯಾರಿಕೆ ದೊಡ್ಡ ಉದ್ಯಮ. ಇಜ್ಮಿರ್‌ನ ಹತ್ಸಾನ್ ಕಂಪನಿಯ ಏರ್ ರೈಫಲ್‌ಗಳು ಜರ್ಮನಿಯ ಹಳೆಯ ಬ್ರ್ಯಾಂಡ್‌ಗಳಿಗಿಂತ ಅಗ್ಗ ಎಂದು ಜಗತ್ತಿನ ಅನೇಕ ಕಡೆ ಹೆಸರು ಮಾಡಿವೆ. ಆದರೆ ಒಂದೇ ಮಾದರಿ ಎಲ್ಲ ದೇಶಕ್ಕೂ ಒಂದೇ ಶಕ್ತಿಯಲ್ಲಿ ಹೋಗುವುದಿಲ್ಲ. ಲೈಸೆನ್ಸ್ ಇಲ್ಲದ ರೈಫಲ್‌ಗೆ ಜರ್ಮನಿಯಲ್ಲಿ ಗಡಿ 7.5 ಜೂಲ್, ಇಂಗ್ಲೆಂಡಿನಲ್ಲಿ ಸುಮಾರು 16 ಜೂಲ್. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇಂಥ ಗಡಿಯೇ ಇಲ್ಲ. ವಿಡಿಯೋದಲ್ಲಿ ಹಲಗೆ ಸೀಳುವ ರೈಫಲ್ ಅಮೆರಿಕಕ್ಕೆಂದು ಮಾಡಿದ್ದಾಗಿದ್ದರೆ, ಭಾರತದಲ್ಲಿ ಅದನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧವಾಗಬಹುದು.

ವಿದೇಶದಿಂದ ಆಯುಧ ತರಿಸುವುದು ಮೊಬೈಲ್ ಕವರ್ ತರಿಸಿದಂತಲ್ಲ. ಆಮದಿಗೆ ಸರ್ಕಾರದ ನಿರ್ಬಂಧಗಳಿವೆ, ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ನಿಲ್ಲಬಹುದು. ಇನ್ನು ‘ಅರ್ಧ ದುಡ್ಡು ಫೋನ್‌ಪೇ ಮಾಡಿ, ಉಳಿದದ್ದು ಮನೆಗೆ ಬಂದಮೇಲೆ’ ಎನ್ನುವ ಜಾಹೀರಾತನ್ನು ನಂಬಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಭಾರತದಲ್ಲೇ ತಯಾರಾದ, ಗಡಿಯೊಳಗಿನ 4.5 ಮಿ.ಮೀ. ರೈಫಲ್‌ಗಳು ಅಧಿಕೃತ ಅಂಗಡಿಗಳಲ್ಲಿ ಸಿಗುತ್ತವೆ. ರಿಪೇರಿ, ಬಿಡಿಭಾಗದ ದೃಷ್ಟಿಯಿಂದಲೂ ಅವೇ ಸುಲಭ.

ಸ್ಪ್ರಿಂಗ್ ಬದಲಿಸಿದರೆ ರೈಫಲ್ ಒಳ್ಳೆಯದಾಗುತ್ತದೆಯೇ?

ಅಗ್ಗದ ಏರ್ ರೈಫಲ್ ಒಳಗೆ ಬಲವಾದ ಸ್ಪ್ರಿಂಗ್ ಮತ್ತು ಪಿಸ್ಟನ್ ಇರುತ್ತವೆ. ನಳಿಕೆ ಮಡಚಿದಾಗ ಸ್ಪ್ರಿಂಗ್ ಒತ್ತಿಕೊಂಡು ಕೂರುತ್ತದೆ. ಕುದುರೆ ಎಳೆದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಪೆಲೆಟ್ ಅನ್ನು ತಳ್ಳುತ್ತದೆ. ಪೆಲೆಟ್ ನಳಿಕೆಯಲ್ಲಿ ಇರುವಾಗಲೇ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಇನ್ನೂ ಬಿರುಸಾದ ಸ್ಪ್ರಿಂಗ್ ಹಾಕಿದರೆ ಈ ಜಗ್ಗಾಟ ಹೆಚ್ಚಿ ಗುರಿ ಕೆಡುತ್ತದೆ. ಸ್ಕ್ರೂ ಸಡಿಲವಾಗುತ್ತವೆ, ಸೀಲ್ ಬೇಗ ಸವೆಯುತ್ತದೆ. ಜೊತೆಗೆ ಶಕ್ತಿ 20 ಜೂಲ್ ದಾಟಿದ ಕ್ಷಣದಿಂದ ನಿಮ್ಮ ಬಿಲ್‌ನಲ್ಲಿರುವ ಅಂಕಿ ನಿಮ್ಮನ್ನು ಕಾಯುವುದಿಲ್ಲ. ಕಾನೂನು ನೋಡುವುದು ಕೈಯಲ್ಲಿರುವ ಆಯುಧವನ್ನು.

ಶಕ್ತಿ ಹೆಚ್ಚಿದರೆ ಗುರಿ ಚೆನ್ನಾಗಿರುತ್ತದೆ ಎಂಬ ನಂಬಿಕೆಗೆ ಉತ್ತರ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯ ರೈಫಲ್‌ಗಳ ವ್ಯಾಸ 4.5 ಮಿ.ಮೀ., ಪೆಲೆಟ್ ವೇಗ ಸೆಕೆಂಡಿಗೆ 175 ಮೀಟರ್ ಆಸುಪಾಸು, ಶಕ್ತಿ 8 ಜೂಲ್‌ಗೂ ಕಡಿಮೆ. ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಮಾತ್ರ.

ಎಣ್ಣೆ ಹನಿಸಿದರೆ ಜೋರಾಗಿ ಹೊಡೆಯುತ್ತದೆಯೇ?

ಸದ್ದು ಜೋರಾಗುತ್ತದೆ, ಅದೇ ಅಪಾಯ. ಗಾಳಿಯನ್ನು ಒಮ್ಮೆಲೇ ಅದುಮಿದರೆ ಅದು ವಿಪರೀತ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಕಿಡಿಯಿಲ್ಲದೆ ಹೊತ್ತಿಕೊಳ್ಳುವುದು ಇದೇ ಕಾರಣಕ್ಕೆ. ಪಿಸ್ಟನ್ ಮುಂದೆ ಕೊಬ್ಬರಿ ಎಣ್ಣೆಯನ್ನೋ ಯಂತ್ರದ ಎಣ್ಣೆಯನ್ನೋ ಹನಿಸಿದರೆ ಅದೂ ಹಾಗೇ ಹೊತ್ತುತ್ತದೆ. ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯಬಹುದು, ಭಾಗ ಸಿಡಿದು ಮುಖಕ್ಕೆ ಬಡಿಯಬಹುದು. ಪೆಲೆಟ್ ಹಾಕದೆ ಖಾಲಿ ಹೊಡೆಯುವುದೂ ಬೇಡ. ಮುಂದೆ ತಡೆಯಿಲ್ಲದೆ ಪಿಸ್ಟನ್ ಹೋಗಿ ಲೋಹಕ್ಕೆ ಗುದ್ದುತ್ತದೆ.

ಹಾಗಾದರೆ ಸರಿಯಾದ ಟ್ಯೂನಿಂಗ್ ಯಾವುದು?

ಟ್ಯೂನಿಂಗ್ ಎಂದರೆ ಜೋರು ಮಾಡುವುದಲ್ಲ, ನಯ ಮಾಡುವುದು. ಮನೆಯಲ್ಲೇ ಮಾಡಬಹುದಾದವು ಇವು:

ಮರದ ಹಿಡಿ ಮತ್ತು ನಳಿಕೆ ಜೋಡಿಸುವ ಸ್ಕ್ರೂಗಳನ್ನು ಆಗಾಗ ನೋಡಿ ಬಿಗಿ ಮಾಡಿ. ಗುರಿ ತಪ್ಪಲು ಸಾಮಾನ್ಯ ಕಾರಣ ಇದೇ.

ಎರಡು ಮೂರು ಬಗೆಯ ಪೆಲೆಟ್ ತಂದು, ಒಂದೇ ದೂರದಿಂದ ಐದೈದು ಹೊಡೆದು, ಯಾವುದು ಹತ್ತಿರ ಹತ್ತಿರ ಬೀಳುತ್ತದೆ ನೋಡಿ. ಅದೇ ನಿಮ್ಮ ರೈಫಲ್‌ಗೆ ಸರಿ.

ಸ್ಪ್ರಿಂಗ್ ರೈಫಲ್ ಅನ್ನು ಬಿಗಿಯಾಗಿ ಅದುಮಿ ಹಿಡಿಯಬೇಡಿ. ಎಡ ಅಂಗೈ ಮೇಲೆ ಹಗುರವಾಗಿ ಕೂರಿಸಿ, ಪ್ರತಿ ಸಲ ಒಂದೇ ರೀತಿ ಹಿಡಿಯಿರಿ.

ಸ್ಕೋಪ್ ಹಾಕುವುದಾದರೆ ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಎರಡೂ ಕಡೆ ಜಗ್ಗುವುದನ್ನು ಸಾಮಾನ್ಯ ಸ್ಕೋಪ್ ತಡೆಯುವುದಿಲ್ಲ.

ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಮತ್ತು ಕಲ್ಲಿನ ದೂಳು ಜಾಸ್ತಿ. ರೈಫಲ್ ಅನ್ನು ಚೀಲದಲ್ಲಿಟ್ಟು, ಹೊಡೆಯುವ ಮೊದಲು ಒಣಬಟ್ಟೆಯಿಂದ ಒರೆಸಿ. ದೂಳು ಹೊಕ್ಕರೆ ಸೀಲ್ ಸವೆಯುತ್ತದೆ.

ಸ್ಪ್ರಿಂಗ್ ಬದಲು ಗ್ಯಾಸ್ ಪಿಸ್ಟನ್ ಇದ್ದರೆ ಬೇಸಿಗೆ ನೆನಪಿರಲಿ. 20 ಡಿಗ್ರಿಯಲ್ಲಿದ್ದ ಗ್ಯಾಸ್ 45 ಡಿಗ್ರಿಗೆ ಏರಿದರೆ ಒತ್ತಡ ಸುಮಾರು ಶೇ. 8ರಷ್ಟು ಹೆಚ್ಚುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಒಳಗಿನ ಭಾಗ ಬಿಚ್ಚಿ ಉಜ್ಜುವುದು, ಗ್ರೀಸ್ ಹಚ್ಚುವುದು ಗೊತ್ತಿದ್ದವರ ಕೆಲಸ. ಒತ್ತಿಕೊಂಡ ಸ್ಪ್ರಿಂಗ್ ಕೈತಪ್ಪಿ ಹಾರಿದರೆ ಬೆರಳು, ಹಲ್ಲು ಹೋಗುತ್ತದೆ. ರಿಪೇರಿಯ ನಂತರ ಅಂಗಡಿಯಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಮ್ಮೆ ಅಳೆಸಿ, 20 ಜೂಲ್ ಒಳಗಿದೆ ಎಂದು ಖಚಿತ ಮಾಡಿಕೊಳ್ಳಿ. ಸದ್ದಿನ ಮೇಲೆ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ಅಂದಾಜಿಗೆ ಮಾತ್ರ.

ಫರ್ಸಿ ಗೋಡೆಗೆ ಗುರಿ ಕಟ್ಟಬಹುದೇ?

ಬೇಡ. ನಮ್ಮ ಕಡೆ ಮನೆ, ಅಂಗಳ, ಕಾಂಪೌಂಡ್ ಎಲ್ಲಕ್ಕೂ ಶಹಾಬಾದ್ ಕಲ್ಲು. ಗಟ್ಟಿಯಾದ ಚಪ್ಪಟೆ ಕಲ್ಲಿಗೆ ಬಿದ್ದ ಪೆಲೆಟ್ ಚೂರಾಗಿ ಸಿಡಿಯುತ್ತದೆ, ಇಲ್ಲವೇ ತಿರುಗಿ ಬರುತ್ತದೆ. ಖಾಲಿ ಸಿಮೆಂಟ್ ಚೀಲದಲ್ಲಿ ಮರಳು ತುಂಬಿ, ಅಂಥವನ್ನು ಒತ್ತೊತ್ತಾಗಿ ಪೇರಿಸಿ, ಮುಂದೆ ಗುರಿ ಹಚ್ಚಿ. ಹಿಂದೆ ದಾರಿ, ಮನೆ, ದನ ಇರಬಾರದು. ಹೊಡೆಯುವವರು, ಪಕ್ಕದಲ್ಲಿ ನಿಂತವರು ಎಲ್ಲರೂ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಬೇಕು.

4.5 ಮಿ.ಮೀ. ಪೆಲೆಟ್ ಚರ್ಮ ತೂರಲು ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಸಾಕು. ಕಣ್ಣಿಗೆ ಅದಕ್ಕಿಂತಲೂ ಕಡಿಮೆ ಸಾಕು. ಲೈಸೆನ್ಸ್ ಬೇಡದ ರೈಫಲ್ ಕೂಡ ಇದರ ಎರಡು ಪಟ್ಟು ವೇಗದಲ್ಲಿ ಹೊಡೆಯುತ್ತದೆ. ಹಾಗಾಗಿ ‘ಲೈಸೆನ್ಸ್ ಬೇಡ’ ಎಂದರೆ ‘ಆಟಿಕೆ’ ಎಂದರ್ಥವಲ್ಲ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಪೆಲೆಟ್ ಬೇರೆ ಕಡೆ ಇಡಿ. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿ ಇಟ್ಟುಕೊಳ್ಳಬೇಡಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ನೀರು ಹಾಕಬೇಡಿ, ಪೆಲೆಟ್ ಕೀಳಬೇಡಿ. ಕಣ್ಣನ್ನು ಒತ್ತದಂತೆ ಕಾಗದದ ಲೋಟ ಬೋರಲು ಇಟ್ಟು ಮುಚ್ಚಿ, 108ಕ್ಕೆ ಕರೆ ಮಾಡಿ, ಕಣ್ಣಿನ ವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ದೇಹದಲ್ಲಿ ಪೆಲೆಟ್ ಉಳಿದಿದ್ದರೆ ಎಂಆರ್‌ಐ ಮಾಡುವ ಮೊದಲು ತಪ್ಪದೆ ತಿಳಿಸಿ.

ಹಂದಿ, ಜಿಂಕೆ, ಹಕ್ಕಿ ಹೊಡೆಯಬಹುದೇ?

ಇಲ್ಲ. 20 ಜೂಲ್ ಪೆಲೆಟ್‌ಗೆ ಕಾಡುಹಂದಿ ಬೀಳುವುದಿಲ್ಲ, ಗಾಯಗೊಳ್ಳುತ್ತದೆ. ಗಾಯಗೊಂಡ ಹಂದಿ ಮನುಷ್ಯನ ಮೇಲೇ ನುಗ್ಗುತ್ತದೆ. ಕೃಷ್ಣಮೃಗ ಮತ್ತು ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಏರ್ ಗನ್‌ಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ.

ಚಿಂಚೋಳಿಯವರು ಇನ್ನೂ ಎರಡು ವಿಷಯ ತಿಳಿದಿರಬೇಕು. ಚಿಂಚೋಳಿ ಅರಣ್ಯ 2011ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿ ಅಲ್ಲಿವೆ. ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವ ಸಾಧನವಾದರೂ ಇಲ್ಲಿ ಆಯುಧವೇ, ಏರ್ ಗನ್ ಕೂಡ. ಗುಂಡು ಹಾರಿಸದಿದ್ದರೂ ತಪ್ಪು ತಪ್ಪೇ. ಎರಡನೆಯದು, ಸೆಕ್ಷನ್ 34ರ ಪ್ರಕಾರ ಧಾಮದಿಂದ 10 ಕಿ.ಮೀ. ಒಳಗೆ ವಾಸಿಸುವ, ಲೈಸೆನ್ಸ್ ಇರುವ ಅಥವಾ ಆಯುಧ ಕಾಯ್ದೆಯಿಂದ ವಿನಾಯಿತಿ ಪಡೆದು ಆಯುಧ ಹೊಂದಿರುವವರು ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯ ಊರಿನವರು ಏರ್ ರೈಫಲ್ ಕೊಳ್ಳುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಬೆಳೆ ಹಾನಿಯಾಗಿದ್ದರೆ ಫೋಟೋ ತೆಗೆದು, ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಅರಣ್ಯ ಸಹಾಯವಾಣಿ 1926.

ತೀರ್ಮಾನ

‘ತುರ್ಕಿ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ’ ಎಂಬುದು ಅರ್ಧ ಸತ್ಯ. ಲೈಸೆನ್ಸ್ ಬೇಕೋ ಬೇಡವೋ ಎಂಬುದನ್ನು ದೇಶವೂ ಬ್ರ್ಯಾಂಡೂ ನಿರ್ಧರಿಸುವುದಿಲ್ಲ, 20 ಜೂಲ್ ಮತ್ತು 4.5 ಮಿ.ಮೀ. ನಿರ್ಧರಿಸುತ್ತವೆ. ‘ಸ್ಪ್ರಿಂಗ್ ಬದಲಿಸಿದರೆ ಒಳ್ಳೆಯದು’ ಎಂಬುದು ತಪ್ಪು. ‘ಹಂದಿ ಹೊಡೆಯಬಹುದು’, ‘ಪೊಲೀಸರು ಕೇಳುವ ಹಾಗಿಲ್ಲ’ ಎಂಬುವು ಅಪಾಯಕಾರಿ ಸುಳ್ಳು.

ಗ್ರೂಪಿಗೆ ಆ ಸಂದೇಶ ಮತ್ತೆ ಬಂದರೆ ಇಷ್ಟು ಕಳಿಸಿ: 20 ಜೂಲ್ ಒಳಗೆ, 4.5 ಮಿ.ಮೀ. ಒಳಗೆ, ಮರಳಿನ ಚೀಲಕ್ಕೆ ಗುರಿ, ಕಣ್ಣಿಗೆ ಕನ್ನಡಕ, ಪ್ರಾಣಿ ಪಕ್ಷಿಗಳ ಕಡೆ ನಳಿಕೆ ಬೇಡ.