ಅಡಿಗೆ ಕಟ್ಟೆಯ ಕಲ್ಲಿಗೂ ಒಂದು ಚರಿತ್ರೆಯಿದೆ

ನಮ್ಮ ಶಾಲೆ ಕಾಲೇಜುಗಳಲ್ಲಿ ಕಲ್ಲಿನ ಚರಿತ್ರೆ ಅಂದರೆ ದೇವಸ್ಥಾನದ ಚರಿತ್ರೆ. ಬೇಲೂರು, ಹಳೇಬೀಡು, ಹಂಪಿ. ಯಾವ ರಾಜ ಕಟ್ಟಿಸಿದ, ಯಾವ ರಾಣಿ ದಾನ ಕೊಟ್ಟಳು, ಇಸವಿ ಎಷ್ಟು ಎಂದು ಬಾಯಿಪಾಠ ಮಾಡಿ ನಾವೆಲ್ಲ ಪಾಸಾಗಿದ್ದೇವೆ. ಆದರೆ ದಿನಾ ಮೂರು ಹೊತ್ತು ನಮ್ಮ ಕೈ ಮುಟ್ಟುವ ಕಲ್ಲು ಒಂದಿದೆ. ಅದು ಅಡಿಗೆಮನೆಯ ಕಲ್ಲು. ಅದಕ್ಕೆ ಶಾಸನ ಇಲ್ಲ, ಪಾಠ ಇಲ್ಲ, ಪರೀಕ್ಷೆಯಲ್ಲಿ ಎರಡು ಮಾರ್ಕಿನ ಪ್ರಶ್ನೆಯೂ ಇಲ್ಲ. ಇವತ್ತು ಊರೂರಲ್ಲೂ ಹಳೇ ಕಡಪ ಕಲ್ಲಿನ ಕಟ್ಟೆ ಕಿತ್ತು ಗ್ರಾನೈಟ್ ಹಾಕಿಸುತ್ತಿದ್ದಾರೆ. ದುಡ್ಡಿದ್ದವರು ಗ್ರಾನೈಟನ್ನೂ ಕಿತ್ತು ಕ್ವಾರ್ಟ್ಜ್ ಹಾಕಿಸುತ್ತಿದ್ದಾರೆ. ಕಲ್ಲು ಬದಲಾಗುತ್ತಿದೆ ಸರಿ, ಕಲ್ಲು ಕಡಿಯುವವನ ಬದುಕು ಎಷ್ಟು ಬದಲಾಗಿದೆ? ಈ ಒಂದು ಪ್ರಶ್ನೆ ಹಿಡಿದು ನಾವು ಈ ಚರಿತ್ರೆ ಬರೆಯಲು ಹೊರಟಿದ್ದೇವೆ.

ಮೊದಲು ಅಡಿಗೆ ನೆಲದ ಮೇಲಿತ್ತು. ನಮ್ಮ ಕೇರಿಗಳಲ್ಲಿ ಮೂರು ಕಲ್ಲು ಹೂಡಿದರೆ ಒಲೆ. ನಮ್ಮ ಅವ್ವಂದಿರು ಕುಕ್ಕರಗಾಲಲ್ಲಿ ಕೂತು ಊದುಕೊಳವೆ ಊದಿ, ಕಣ್ಣಲ್ಲಿ ನೀರು ಸುರಿಸಿ ಮುದ್ದೆ ತಿರುವಿದರು. ಊರೊಳಗಿನ ಮನೆಗಳಲ್ಲೂ ಒಲೆ ನೆಲದ ಮೇಲೇ ಇತ್ತು. ಒರಳುಕಲ್ಲು, ಗುಂಡುಕಲ್ಲು, ಬೀಸೋಕಲ್ಲು ಎಲ್ಲ ಮನೆಯಲ್ಲೂ ಬೇಕು. ಇವನ್ನೆಲ್ಲ ಕಡಿದುಕೊಟ್ಟವರು ಯಾರು? ಬಹುಪಾಲು ಭೋವಿಗಳು, ಹಳೇ ಮಾತಿನಲ್ಲಿ ಒಡ್ಡರು. ಸವೆದ ಬೀಸೋಕಲ್ಲಿಗೆ ಉಳಿಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡಲು ಅವರು ಊರೂರು ತಿರುಗುತ್ತಿದ್ದರು. ಆ ಕೆಲಸ ನಡೆಯುತ್ತಿದ್ದದ್ದು ಅಂಗಳದಲ್ಲಿ, ಜಗಲಿಯ ಕೆಳಗೆ. ಕೆಲಸ ಮುಗಿದ ಮೇಲೆ ಕಲ್ಲು ಒಳಗೆ ಹೋಗುತ್ತಿತ್ತು, ಕಡಿದವನು ಹೊರಗೇ ನಿಲ್ಲುತ್ತಿದ್ದ. ಮಡಿವಂತರ ಮನೆಯಾದರೆ ಕಲ್ಲಿನ ಮೇಲೆ ನೀರು ಹುಯ್ದು ಒಳಗೆ ಕರಕೊಳ್ಳುತ್ತಿದ್ದರು. ಕಲ್ಲಿಗೆ ಮೈಲಿಗೆ ಕಳೆಯುವ ಉಪಾಯ ಶಾಸ್ತ್ರದಲ್ಲಿತ್ತು. ಮನುಷ್ಯನಿಗೆ ಇರಲಿಲ್ಲ.

ಈ ಕಲ್ಲುಕೆಲಸ ದಡ್ಡರ ಕೆಲಸ ಅಂತ ತಿಳಿದವರಿಗೆ ಒಂದು ವಿಷಯ ಹೇಳಬೇಕು. 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ವಾರ್ತ್ ಎಂಬಾತ ಭಾರತದ ಗ್ರಾನೈಟ್ ಕ್ವಾರಿ ಕೆಲಸದ ಬಗ್ಗೆ ಬರೆದ. ಅವನು ವಿವರಿಸಿದ್ದು ಬೆಂಗಳೂರಿನಲ್ಲಿ ಕಂಡ ಒಂದು ವಿದ್ಯೆಯನ್ನು. ಬಂಡೆಯ ಮೇಲೆ ಸಾಲಾಗಿ ಸೌದೆಯ ಬೆಂಕಿ ಹಾಕಿ ಅದನ್ನು ಮೆಲ್ಲಗೆ ಮುಂದೆ ಮುಂದೆ ಸರಿಸುತ್ತ ಹೋಗುತ್ತಾರೆ. ಕಾದ ಮೇಲ್ಪದರ ಹಿಗ್ಗಿ, ಕೆಳಗಿನ ತಣ್ಣನೆಯ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಎಲ್ಲಿತನಕ ಬಿಟ್ಟಿದೆ ಅಂತ ತಿಳಿಯುವುದು ಹೇಗೆ? ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಬಿಟ್ಟ ಕಲ್ಲಿನ ಸದ್ದು ಬೇರೆ, ಬಿಡದ ಕಲ್ಲಿನ ಸದ್ದು ಬೇರೆ. ಹೀಗೆ ನೂರಾರು ಚದರಡಿಯ ಹಾಸು, ಸುಮಾರು ಅರ್ಧ ಅಡಿ ದಪ್ಪದ್ದು, ಒಡೆಯದೆ ಏಳುತ್ತಿತ್ತು. ಆಮೇಲೆ ಉಳಿ ಹಿಡಿದು ಪಟ್ಟಿ ಪಟ್ಟಿಯಾಗಿ ಸೀಳುತ್ತಿದ್ದರು. ಸುಮಾರು 300 ಕೋಟಿ ವರ್ಷ ಹಳೆಯದಾದ ಬಂಡೆಯನ್ನು ಸೌದೆ ಮತ್ತು ಕಿವಿಯಿಂದ ಎಬ್ಬಿಸಿದ ಜನ ಇವರು. ಬರೆದವನ ಹೆಸರು ಉಳಿಯಿತು. ಕಿವಿಗೊಟ್ಟವರ ಹೆಸರು ನಮಗೆ ಉಳಿದಿಲ್ಲ.

1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ಅದರಲ್ಲಿ ಒಡ್ಡರಿಗೆ ಹಲವು ಪುಟ ಇದೆ. ಕಲ್ಲು ಒಡ್ಡರು, ಮಣ್ಣು ಒಡ್ಡರು ಅಂತ ವಿಂಗಡಿಸಿ, ಕಲ್ಲು ಒಡೆಯುವುದು, ಬಾವಿ ತೋಡುವುದು, ಕೆರೆ ಏರಿ ಕಟ್ಟುವುದು ಇವರ ಕಸುಬು ಅಂತ ಬರೆದಿದ್ದಾನೆ. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಹೊಲೆಯ ಮಾದಿಗರನ್ನು ದೂರ ಇಟ್ಟಷ್ಟು ದೂರ ಇವರನ್ನು ಇಡಲಿಲ್ಲ ಎಂದು ಕೆಲವರು ವಾದ ಹೂಡುತ್ತಾರೆ. ಇರಬಹುದು. ಆದರೆ ಮಾರು ದೂರವೋ ಗೇಣು ದೂರವೋ ಎಂದು ಅಳೆಯುತ್ತ ಕೂತರೆ ಅಳತೆಗೋಲು ಹಿಡಿದವನಿಗೇ ಲಾಭ. ಅಡಿಗೆಮನೆಯ ಹೊಸಲು ಇಬ್ಬರಿಗೂ ಮುಚ್ಚಿತ್ತು.

ಇನ್ನು ಕಟ್ಟೆಯ ಮಾತು. ನಿಂತು ಅಡಿಗೆ ಮಾಡುವ ಕಟ್ಟೆ ನಮ್ಮಲ್ಲಿ ಮನೆಮನೆಗೆ ಬಂದದ್ದು ಗ್ಯಾಸಿನ ಹಿಂದೆ. 1950ರ ದಶಕದ ನಡುವಿನಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಅಡಿಗೆ ಅನಿಲ ಮಾರಲು ಶುರುಮಾಡಿತು. 1965ರಲ್ಲಿ ಇಂಡೇನ್ ಕಲ್ಕತ್ತದಲ್ಲಿ ಮೊದಲ ಸಂಪರ್ಕ ಕೊಟ್ಟಿತು. ಸಿಲಿಂಡರು ಕೆಳಗೆ, ಒಲೆ ಮೇಲೆ. ಅದಕ್ಕೊಂದು ಕಟ್ಟೆ ಬೇಕು, ಕಟ್ಟೆಗೊಂದು ಚಪ್ಪಡಿ ಬೇಕು. ಯೂರೋಪಿನಲ್ಲಿ ಇದಕ್ಕೂ ಮೊದಲೇ, 1926ರಲ್ಲಿ, ಮಾರ್ಗರೆಟ್ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಹೆಣ್ಣುಮಗಳು ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗಾಗಿ ಅಚ್ಚುಕಟ್ಟಾದ ಅಡಿಗೆಮನೆಯ ನಕ್ಷೆ ಮಾಡಿದ್ದಳು. ಅಂಥವು ಸುಮಾರು 10,000 ತಯಾರಾದವು. ದುಡಿಯುವ ಹೆಂಗಸಿನ ನಡೆ ಉಳಿಸಬೇಕು, ಹೊತ್ತು ಉಳಿಸಬೇಕು ಎನ್ನುವುದೇ ಅದರ ಲೆಕ್ಕ. ಕಟ್ಟೆ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಬಗ್ಗಿದ ಬೆನ್ನು ನೆಟ್ಟಗಾದರೆ ಅದು ಒಳ್ಳೆಯದೇ. ನಮ್ಮ ಕೇಳ್ಮೆ ಬೇರೆ: ಒಬ್ಬಳ ಬೆನ್ನು ನೆಟ್ಟಗಾಗಲು ಇನ್ನೊಬ್ಬನ ಎದೆ ಯಾಕೆ ಕಲ್ಲಾಗಬೇಕು?

ಮೊದಲು ಬಂದದ್ದು ಕಡಪ ಕಲ್ಲು. ಆಂಧ್ರದ ಕಡಪ ಸೀಮೆಯದು. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅದರ ದಾಯಾದಿ. ಎರಡೂ ಸುಣ್ಣದ ಜಾತಿಯ ಕಲ್ಲು, ಪದರ ಪದರವಾಗಿ ಬಿಡುತ್ತವೆ, ಕೈಯಿಂದಲೇ ಚಪ್ಪಡಿ ತೆಗೆಯಬಹುದು, ಬೆಲೆ ಕಡಿಮೆ. ಒಂದೇ ತೊಂದರೆ ಹುಳಿ. ಹುಣಸೆರಸ, ನಿಂಬೆರಸ ಬಿದ್ದರೆ ಸುಣ್ಣ ಕರಗಿ ಮಾಸಲು ಕಲೆ ಕೂರುತ್ತದೆ. ಹುಳಿಯಿಲ್ಲದೆ ನಮ್ಮ ಸಾರು ಎಲ್ಲಿ? ಗ್ರಾನೈಟಿಗೆ ಆ ಭಯ ಇಲ್ಲ. ಆದರೆ ಗ್ರಾನೈಟನ್ನು ಎರಡು ಸೆಂಟಿಮೀಟರ್ ತೆಳ್ಳಗೆ ಕೊಯ್ಯುವುದು ಉಳಿ ಸುತ್ತಿಗೆಯಿಂದ ಆಗದ ಕೆಲಸ. ದೊಡ್ಡ ಗರಗಸದ ಯಂತ್ರ, ವಜ್ರದ ಹಲ್ಲಿನ ಬ್ಲೇಡು ಬಂದ ಮೇಲೆ ಅದು ಸಾಧ್ಯವಾಯಿತು. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು, ಕನಕಪುರದ ಬಣ್ಣದ ಕಲ್ಲು ಹೊರದೇಶಕ್ಕೆ ಹಡಗು ಹತ್ತಿದವು. ಆನೇಕಲ್ ತಾಲೂಕಿನ ಜಿಗಣಿಯಲ್ಲಿ ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳು ಸಾಲುಗಟ್ಟಿದವು. ನಮ್ಮ ಕರಿಕಲ್ಲು ಯೂರೋಪಿನ ಸ್ಮಶಾನಗಳಲ್ಲಿ ಗೋರಿಕಲ್ಲಾಗಿ ನಿಂತಿದೆ, ಮೇಲೆ ಸತ್ತವರ ಹೆಸರು ಹೊಂಬಣ್ಣದಲ್ಲಿ. ಅದನ್ನು ಕಡಿದವರಲ್ಲಿ ಎಷ್ಟು ಜನರ ಗುಂಡಿಯ ಮೇಲೆ ಒಂದು ಕಲ್ಲಾದರೂ ನಿಂತಿದೆ?

ಕಲ್ಲಿಗೆ ಮಾರುಕಟ್ಟೆ ಬಂತು, ಕೂಲಿಗೆ ಬಿಡುಗಡೆ ಬರಲಿಲ್ಲ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. 1983ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹರ್ಯಾಣದ ಫರಿದಾಬಾದ್ ಕಲ್ಲುಕ್ವಾರಿಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅರ್ಜಿ ಹಾಕಿದ್ದು ಬಂಧುವಾ ಮುಕ್ತಿ ಮೋರ್ಚಾ. ಬಲವಂತದ ದುಡಿಮೆ ಕಂಡರೆ ಅದು ಮುಂಗಡದ ಜೀತವೇ ಎಂದು ಮೊದಲು ತಿಳಿಯಬೇಕು, ಅಲ್ಲ ಅಂತ ರುಜುವಾತು ಮಾಡುವ ಹೊಣೆ ಮಾಲೀಕನದು ಎಂದಿತು ಕೋರ್ಟು. ಜಲ್ಲಿ ಯಂತ್ರದ ಮೇಲೆ ನೀರು ಚಿಮುಕಿಸಿ, ಇಲ್ಲವೇ ಧೂಳು ಹೀರುವ ಯಂತ್ರ ಹಾಕಿ ಎಂದೂ ಹೇಳಿತು. ಬಂಧುಗಳೇ, ಇದು 1983ರ ಮಾತು! 2017ರಲ್ಲಿ ನೆದರ್‌ಲ್ಯಾಂಡ್ಸಿನ ಇಂಡಿಯಾ ಕಮಿಟಿ ಎಂಬ ಸಂಸ್ಥೆ ಕರ್ನಾಟಕ, ಆಂಧ್ರ, ತೆಲಂಗಾಣದ ಗ್ರಾನೈಟ್ ಕ್ವಾರಿಗಳ ಬಗ್ಗೆ ವರದಿ ತಂದಿತು. ಆಗಲೂ ಅಲ್ಲಿ ಕಂಡದ್ದು ಮುಂಗಡ, ಸಾಲ, ಸಾಲ ತೀರುವ ತನಕ ಜಾಗ ಬಿಡದ ದುಡಿಮೆ. ದುಡಿಯುವವರಲ್ಲಿ ಬಹಳ ಜನ ದಲಿತರು, ಆದಿವಾಸಿಗಳು, ಬೇರೆ ಸೀಮೆಯಿಂದ ವಲಸೆ ಬಂದವರು. ಸಿಡಿಮದ್ದಿನ ಸಾವು ಬೇರೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಒಂದೇ ತಿಂಗಳ ಅಂತರದಲ್ಲಿ ಎರಡು ಸ್ಫೋಟ, ಎರಡು ಕಡೆ ಛಿದ್ರವಾದ ಹೆಣಗಳು.

ಸ್ಫೋಟದ ಸಾವು ಪೇಪರಿಗೆ ಬರುತ್ತದೆ. ಧೂಳಿನ ಸಾವು ಬರುವುದಿಲ್ಲ. ಕಲ್ಲು ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ನಯವಾದದ್ದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯ ಮಾಡುತ್ತದೆ, ಗಾಯ ಗಂಟಾಗುತ್ತದೆ, ಮೆತ್ತಗಿನ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧಿ ಇಲ್ಲ. ಧೂಳು ಬಿಟ್ಟು ಮನೆಗೆ ಬಂದ ಮೇಲೂ ರೋಗ ಬೆಳೆಯುತ್ತಲೇ ಹೋಗಬಹುದು. ಕೇರಿಯಲ್ಲಿ 'ದಮ್ಮು' ಅಂತಾರೆ, ಆಸ್ಪತ್ರೆಯಲ್ಲಿ ಎಷ್ಟೋ ಸಲ ಟೀಬಿ ಅಂತ ಬರೆದು ಕಳಿಸುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಟೀಬಿ ಬೇಗ ಅಂಟುತ್ತದೆ, ನಿಜ. ಆದರೆ ಚೀಟಿಯಲ್ಲಿ ಟೀಬಿ ಅಂತ ಮಾತ್ರ ಬರೆದರೆ ಮಾಲೀಕ ಪಾರು. ಟೀಬಿ ಅವನವನ ಹಣೆಬರಹ, ಸಿಲಿಕೋಸಿಸ್ ಮಾಲೀಕನ ಹೊಣೆ. ಈ ಎರಡು ಹೆಸರಿನ ನಡುವೆ ಒಂದು ಸಂಸಾರದ ಪರಿಹಾರ ಸಿಕ್ಕಿಕೊಂಡಿದೆ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಗುಜರಾತ್ ಸರ್ಕಾರಕ್ಕೆ ಹೇಳಿತು: ಗೋಧ್ರಾ, ಬಾಲಾಸಿನೋರಿನ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ 238 ಜನರ ಕುಟುಂಬಕ್ಕೆ ತಲಾ 3 ಲಕ್ಷ ಕೊಡಿ. ಅವರು ಹೊಟ್ಟೆಪಾಡಿಗೆ ಗುಳೆ ಹೋದ ಮಧ್ಯಪ್ರದೇಶದ ಕೂಲಿಗಳು.

ಈಗ ಹೊಸ ಕಲ್ಲು ಬಂದಿದೆ. ಕ್ವಾರ್ಟ್ಜ್ ಅಂತ ಕರೆಯುತ್ತಾರೆ. ಇದು ಬೆಟ್ಟದಲ್ಲಿ ಹುಟ್ಟಿದ ಕಲ್ಲಲ್ಲ. ಬಿಳಿಕಲ್ಲನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದು. ಗ್ರಾನೈಟಿನಲ್ಲಿ ಸಿಲಿಕಾ ಸಾಮಾನ್ಯವಾಗಿ ನೂರಕ್ಕೆ 45ರ ಒಳಗೆ, ಇದರಲ್ಲಿ 90ರ ಮೇಲೆ. ಸುಣ್ಣದ ಕಡಪದಿಂದ ಗ್ರಾನೈಟಿಗೆ, ಗ್ರಾನೈಟಿನಿಂದ ಕ್ವಾರ್ಟ್ಜಿಗೆ, ಕಟ್ಟೆ ಚೆಂದವಾಗುತ್ತ ಹೋದಂತೆ ಅದರ ಧೂಳು ಹೆಚ್ಚು ಹೆಚ್ಚು ವಿಷವಾಗುತ್ತ ಬಂದಿದೆ. 2012ರಲ್ಲಿ ಇಸ್ರೇಲಿನ ವೈದ್ಯರು ಈ ಕಲ್ಲು ಕೊಯ್ದು ಕಾಯಿಲೆ ಬಿದ್ದ 25 ಜನರ ಬಗ್ಗೆ ಬರೆದರು. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ 52 ಜನರ ವರದಿ ಬಂತು. ಹೆಚ್ಚುಕಡಿಮೆ ಎಲ್ಲರೂ ಲ್ಯಾಟಿನ್ ಅಮೆರಿಕದಿಂದ ಕೂಲಿಗೆ ಬಂದವರು, ಅವರಲ್ಲಿ ಅರ್ಧದಷ್ಟು ಜನ 45 ವರ್ಷದೊಳಗಿನವರು. ಹತ್ತು ಜನ ಸತ್ತಿದ್ದರು. ಅಲ್ಲಿ ಜಾತಿಯ ಹೆಸರಿಲ್ಲ, ಆದರೆ ಧೂಳು ಕುಡಿಯುವ ಸರದಿ ಯಾರದು ಅನ್ನುವುದು ಅಲ್ಲೂ ಮೊದಲೇ ಗೊತ್ತಾಗಿದೆ. ಆಸ್ಟ್ರೇಲಿಯಾದಲ್ಲಿ ಕಾರ್ಮಿಕ ಸಂಘಗಳು ಹಟ ಹಿಡಿದವು. 2024ರ ಜುಲೈ 1ರಿಂದ ಆ ದೇಶ ಈ ಕಲ್ಲನ್ನು ನಿಷೇಧಿಸಿತು, ಜಗತ್ತಿನಲ್ಲೇ ಮೊದಲು. ಭಾರತ ಇವತ್ತಿಗೂ ಇದನ್ನು ತಯಾರಿಸಿ ಅಮೆರಿಕಕ್ಕೆ ಕಳಿಸುವ ದೊಡ್ಡ ದೇಶಗಳಲ್ಲೊಂದು.

ಹಾಗಾದರೆ ಕಟ್ಟೆ ಒಡೆದು ಮತ್ತೆ ಮೂರು ಕಲ್ಲಿನ ಒಲೆಗೆ ಹೋಗೋಣವೇ? ಅದು ಹೊಗೆ ಕುಡಿಯದವರ ಸಲಹೆ, ನಮಗೆ ಬೇಡ. ನಾವು ಹೇಳುವುದು ಸಣ್ಣ ಮಾತು. ಒಣ ಕಲ್ಲಿಗೆ ಮಶೀನು ಹಚ್ಚಿದಾಗಲೇ ಧೂಳು ಹೆಚ್ಚು ಏಳುವುದು. ನೀರು ಬಿಟ್ಟುಕೊಂಡು ಕೊಯ್ದರೆ ಬಹಳ ಮಟ್ಟಿಗೆ ಅಡಗುತ್ತದೆ. ಮೂತಿಗೆ ಕಟ್ಟಿದ ಟವೆಲ್ಲು ಆ ನಯವಾದ ಧೂಳನ್ನು ತಡೆಯುವುದಿಲ್ಲ, ಅದಕ್ಕೆ ತಕ್ಕ ಮಾಸ್ಕು ಬೇರೆ ಇದೆ, ಅದನ್ನು ಕೊಡಿಸಬೇಕಾದವನು ಕೆಲಸ ಕೊಟ್ಟವನು. ಊರಲ್ಲಿ ಯಾರ ಮನೆಯ ಕಟ್ಟೆ ಕೆಲಸವಾದರೂ ಸಿಂಕಿನ ತೂತು ಕೊಯ್ಯುವಾಗ ನೀರಿನ ಪೈಪು ಹಿಡಿಯಿರಿ ಅಂತ ಹೇಳಲು ಪದವಿ ಬೇಕಿಲ್ಲ. ಮೇಷ್ಟ್ರುಗಳು ಇದನ್ನು ವಿಜ್ಞಾನದ ಪಾಠದಲ್ಲಿ ಹೇಳಬಹುದು. ವಿದ್ಯಾರ್ಥಿಗಳು ತಮ್ಮ ತಾಲೂಕಿನ ಕ್ವಾರಿಗಳಲ್ಲಿ ದಮ್ಮು ಹತ್ತಿದವರು ಎಷ್ಟು ಜನ, ಎಷ್ಟು ವರ್ಷ ದುಡಿದರು, ಎಕ್ಸ್‌ರೇ ಆಗಿದೆಯೋ ಇಲ್ಲವೋ ಎಂದು ಕೇಳಿ ಬರೆದಿಡಬಹುದು. ಸಿಲಿಕೋಸಿಸ್ 1948ರ ಕಾರ್ಖಾನೆ ಕಾಯ್ದೆಯಲ್ಲೇ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿತ್ತು. 2020ರ ಹೊಸ ಸಂಹಿತೆಯ ಪಟ್ಟಿಯಲ್ಲೂ ಇದೆ. ಕಾರ್ಯಕರ್ತರು ಆಸ್ಪತ್ರೆಯಲ್ಲಿ ನಿಂತು ಕೇಳಬೇಕು: ಇವನು ಏನು ಕೆಲಸ ಮಾಡ್ತಿದ್ದ ಅಂತ ಚೀಟಿಯಲ್ಲಿ ಬರೀರಿ ಡಾಕ್ಟ್ರೇ. ರಾಜಸ್ಥಾನದ ಕಲ್ಲು ಕೂಲಿಗಳು ಹೀಗೆ ಕೇಳಿ ಕೇಳಿಯೇ 2019ರಲ್ಲಿ ರೋಗಿಗೆ ಬದುಕಿರುವಾಗಲೇ ನೆರವು, ಸತ್ತರೆ ಸಂಸಾರಕ್ಕೆ ನೆರವು ಎಂಬ ನೀತಿ ತರಿಸಿಕೊಂಡರು. ಯಾರೂ ಕರೆದು ಕೊಟ್ಟದ್ದಲ್ಲ.

ದೇವಸ್ಥಾನದ ಕಲ್ಲಿನ ಚರಿತ್ರೆ ಬರೆಯಲು ಪಂಡಿತರಿದ್ದಾರೆ. ಅಡಿಗೆ ಕಟ್ಟೆಯ ಕಲ್ಲಿನ ಚರಿತ್ರೆ ನಾವೇ ಬರೆಯಬೇಕು, ಅದನ್ನು ಕಡಿದವರು ಬದುಕಿರುವಾಗಲೇ, ಅವರ ಹೆಸರು ಹಾಕಿ ಬರೆಯಬೇಕು.